ಬೇಸಿಗೆ ಶಿಬಿರದಲ್ಲಿ ಮಕ್ಕಳು ನಿಜಕ್ಕೂ ಎಷ್ಟು ಕಲಿತರು? ಪದೇ ಪದೇ ಕೇಳುವ ಪ್ರಶ್ನೆಗಳು

ಏಪ್ರಿಲ್ 10ಕ್ಕೆ ಸರ್ಕಾರಿ ಶಾಲೆಯ ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ಮೇ ತಿಂಗಳ ಕೊನೆಗೆ. ಹೆಚ್ಚುಕಡಿಮೆ ಏಳು ವಾರ. ಅನುಕೂಲವಿರುವ ಮನೆಯ ಮಕ್ಕಳಿಗೆ ಈ ಏಳು ವಾರದಲ್ಲಿ ಈಜು, ಚಿತ್ರಕಲೆ, ಕಥೆ ಪುಸ್ತಕ, ಅಜ್ಜಿ ಮನೆ ಎಲ್ಲವೂ ಸಿಗುತ್ತವೆ. ಕೂಲಿ ಮಾಡುವವರ ಮಕ್ಕಳಿಗೆ ತಮ್ಮನನ್ನು ಎತ್ತಿಕೊಳ್ಳುವ ಕೆಲಸ, ಕುರಿ ಕಾಯುವ ಕೆಲಸ, ಇಲ್ಲವೇ ಅಪ್ಪ ಅಮ್ಮನ ಜೊತೆ ಗುಳೆ. ಆದ್ದರಿಂದಲೇ ಹಳ್ಳಿಗಳಲ್ಲಿ, ನಗರದ ಕೊಳೆಗೇರಿಗಳಲ್ಲಿ ಉಚಿತ ಕಲಿಕಾ ಶಿಬಿರಗಳು ನಡೆಯುತ್ತವೆ. ಇಂಥ ಶಿಬಿರಗಳಲ್ಲಿ ಹಲವು ಬೇಸಿಗೆ ಕಳೆದಿದ್ದೇನೆ. ಕಲಿಸುವುದಕ್ಕಿಂತ ಕಷ್ಟವಾದದ್ದು, ಕಲಿಸಿದ್ದು ಹತ್ತಿತೇ ಎಂದು ಪ್ರಾಮಾಣಿಕವಾಗಿ ತಿಳಿದುಕೊಳ್ಳುವುದು. ಸ್ವಯಂಸೇವಕರು, ಶಿಕ್ಷಕರು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು ಮತ್ತು ಹಣ ಕೊಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ರಜೆಯಲ್ಲಿ ಮಕ್ಕಳು ಕಲಿತದ್ದನ್ನು ಮರೆಯುತ್ತಾರೆ ಎನ್ನುವುದು ನಿಜವೇ?

ಮರೆಯುತ್ತಾರೆ. ಎಷ್ಟು ಮರೆಯುತ್ತಾರೆ, ಬಡ ಮಕ್ಕಳೇ ಹೆಚ್ಚು ಮರೆಯುತ್ತಾರೆಯೇ ಎಂಬ ಪ್ರಶ್ನೆಗಳಿಗೆ ಮಾತ್ರ ಉತ್ತರ ಅಷ್ಟು ಸುಲಭವಲ್ಲ.

ಈ ವಿಷಯದಲ್ಲಿ ಎಲ್ಲರೂ ನೆನೆಯುವ ಅಧ್ಯಯನ ಅಮೆರಿಕದ ಬಾಲ್ಟಿಮೋರ್ ನಗರದ್ದು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಕಾರ್ಲ್ ಅಲೆಕ್ಸಾಂಡರ್, ಡೋರಿಸ್ ಎಂಟ್ವಿಸಲ್ ಮತ್ತು ಲಿಂಡಾ ಓಲ್ಸನ್ 1982ರಲ್ಲಿ ಒಂದನೇ ತರಗತಿ ಸೇರಿದ ಮಕ್ಕಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದರು. ಶಾಲೆ ನಡೆಯುವಾಗ ಬಡವರ ಮಕ್ಕಳೂ ಉಳ್ಳವರ ಮಕ್ಕಳೂ ಸರಿಸುಮಾರು ಒಂದೇ ವೇಗದಲ್ಲಿ ಕಲಿಯುತ್ತಿದ್ದರು, ಅಂತರ ಬೆಳೆಯುತ್ತಿದ್ದದ್ದು ಬೇಸಿಗೆಯಲ್ಲಿ ಎಂದು ಅವರಿಗೆ ಕಂಡಿತು. ಅವರು ಇದನ್ನು ನಲ್ಲಿಗೆ ಹೋಲಿಸಿದರು. ಶಾಲೆ ಇದ್ದಾಗ ಎಲ್ಲ ಮಕ್ಕಳಿಗೂ ನೀರು ಬರುತ್ತದೆ. ರಜೆಯಲ್ಲಿ ನಲ್ಲಿ ನಿಂತಾಗ, ಮನೆಯಲ್ಲಿ ಬೇರೆ ಆಸರೆ ಇದ್ದವರಿಗೆ ಮಾತ್ರ ನೀರು. ಒಂಬತ್ತನೇ ತರಗತಿಯಲ್ಲಿ ಕಂಡ ಅಂತರದ ಸುಮಾರು ಮೂರನೇ ಎರಡು ಭಾಗಕ್ಕೆ ಪ್ರಾಥಮಿಕ ಶಾಲೆಯ ಬೇಸಿಗೆಗಳೇ ಮೂಲ ಎಂದು 2007ರಲ್ಲಿ ಅವರು ಬರೆದರು.

ಮುಂದೆ ಟೆಕ್ಸಾಸ್ ವಿಶ್ವವಿದ್ಯಾಲಯದ ಪಾಲ್ ವಾನ್ ಹಿಪೆಲ್ ಇದೇ ಲೆಕ್ಕವನ್ನು ಹೊಸ ಪರೀಕ್ಷೆಗಳ ಅಂಕಗಳಿಂದ ಮಾಡಿ ನೋಡಿದರು. ಅಂತರ ಆ ಪ್ರಮಾಣದಲ್ಲಿ ಬೆಳೆಯಲಿಲ್ಲ. 1980ರ ದಶಕದ ಪರೀಕ್ಷೆಯಲ್ಲಿ ಅಂಕ ಕೊಡುತ್ತಿದ್ದ ವಿಧಾನವೇ ಅಂತರವನ್ನು ಹಿಗ್ಗಿಸಿ ತೋರಿಸಿತ್ತು ಎಂದು ಅವರು 2019ರಲ್ಲಿ ವಿವರಿಸಿದರು. ಬಾಲ್ಟಿಮೋರಿನ ಸಂಶೋಧಕರ ಶ್ರಮ ವ್ಯರ್ಥವೆಂದು ಇದರಿಂದ ಹೇಳಲಾಗದು, ಬಡ ಮಕ್ಕಳಿಗೆ ಬೇಸಿಗೆಯಲ್ಲಿ ಕಲಿಸಬೇಕಾಗಿಲ್ಲ ಎಂದಂತೂ ಹೇಳಲೇ ಆಗದು. ಅಳೆಯುವ ಕೋಲು ವಕ್ರವಾಗಿದ್ದರೆ ಮೂವತ್ತು ವರ್ಷದ ನಂಬಿಕೆಯೂ ಅಲುಗಾಡುತ್ತದೆ ಎಂಬುದನ್ನು ಶಿಬಿರ ನಡೆಸುವ ನಾವೆಲ್ಲ ತಿಳಿದಿರಬೇಕು.

ನಮ್ಮಲ್ಲಿ ಜೂನ್ ಮೊದಲ ವಾರ ತರಗತಿಗೆ ಹೋದರೆ ಮರೆವು ಎಲ್ಲಿ ಕೂತಿದೆ ಎಂದು ಕಣ್ಣಿಗೇ ಕಾಣುತ್ತದೆ. ಮೂಲಾಕ್ಷರ ಮರೆತಿರುವುದಿಲ್ಲ, ಒತ್ತಕ್ಷರ ಜಾರಿರುತ್ತದೆ. ‘ಅಕ್ಕ’ ಎಂದು ಬರೆದದ್ದನ್ನು ‘ಅಕ’ ಎಂದೂ ‘ಹಬ್ಬ’ವನ್ನು ‘ಹಬ’ ಎಂದೂ ಓದಿ, ಅರ್ಥ ಹೊಳೆಯದೆ ಮಗು ನಮ್ಮ ಮುಖ ನೋಡುತ್ತದೆ.

ಶಿಬಿರದ ಕೊನೆಯ ದಿನ ಮಕ್ಕಳು ಚೆನ್ನಾಗಿ ಓದಿ ತೋರಿಸಿದರು. ಅಷ್ಟು ಸಾಕಲ್ಲವೇ?

ಸಂತೋಷಪಡುವುದಕ್ಕೆ ಸಾಕು. ‘ನಮ್ಮ ಶಿಬಿರದಿಂದ ಕಲಿತರು’ ಎಂದು ಹೇಳುವುದಕ್ಕೆ ಸಾಲದು.

ಮೊದಲ ದಿನ ಹತ್ತು ಮಕ್ಕಳು ಓದುತ್ತಿದ್ದರು, ಕೊನೆಯ ದಿನ ಇಪ್ಪತ್ತು ಮಕ್ಕಳು ಓದಿದರು ಎಂದುಕೊಳ್ಳಿ. ಆ ಹೆಚ್ಚಿನ ಹತ್ತರಲ್ಲಿ ಕೆಲವರು ಮೊದಲ ದಿನ ಹೊಸಬರ ಎದುರು ಬಾಯಿ ಬಿಡದೆ ಕೂತಿದ್ದವರು. ಅವರಿಗೆ ಓದಲು ಆಗಲೂ ಬರುತ್ತಿತ್ತು. ಕೆಲವರಿಗೆ ಪರೀಕ್ಷೆಯ ರೀತಿ ಎರಡನೇ ಸಲ ಅಭ್ಯಾಸವಾಗಿರುತ್ತದೆ. ಕೆಲವರು ಮನೆಯಲ್ಲಿ ಅಕ್ಕನ ಹತ್ತಿರ ಕೂತು ಕಲಿತಿರುತ್ತಾರೆ.

ಇನ್ನೊಂದು ಬಲೆಗೆ ಬಹಳ ಮಂದಿ ಬೀಳುತ್ತಾರೆ. ಏಪ್ರಿಲ್‌ನ ಪರೀಕ್ಷೆಯಲ್ಲಿ ತೀರಾ ಕಡಿಮೆ ಅಂಕ ಬಂದವರನ್ನು ಆರಿಸಿ ಶಿಬಿರಕ್ಕೆ ಕರೆಯುತ್ತೇವೆ. ಅಂದು ಕಡಿಮೆ ಅಂಕ ಬಂದವರಲ್ಲಿ ಜ್ವರ ಬಂದಿದ್ದವನೂ ರಾತ್ರಿಯೆಲ್ಲ ನಿದ್ದೆಯಿಲ್ಲದೆ ಬಂದವಳೂ ಇರುತ್ತಾರೆ. ಇವರನ್ನು ಮತ್ತೊಮ್ಮೆ ಪರೀಕ್ಷಿಸಿದರೆ, ಏನೂ ಕಲಿಸದಿದ್ದರೂ ಗುಂಪಿನ ಸರಾಸರಿ ಮೇಲೇರುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸರಾಸರಿಯತ್ತ ಮರಳುವುದು ಎನ್ನುತ್ತಾರೆ. ಈ ಏರಿಕೆಯನ್ನು ನಮ್ಮ ಖಾತೆಗೆ ಬರೆದುಕೊಳ್ಳಬಾರದು.

ಹಾಗಾದರೆ ಯಾರೊಂದಿಗೆ ಹೋಲಿಸಬೇಕು?

ಶಿಬಿರಕ್ಕೆ ಬರಬಹುದಾಗಿದ್ದು ಬರದಿದ್ದ, ಉಳಿದೆಲ್ಲದರಲ್ಲೂ ಇದೇ ಥರದ ಮಕ್ಕಳೊಂದಿಗೆ. ಅಳತೆಯ ಕೆಲಸದ ಮುಕ್ಕಾಲು ಭಾಗ ಈ ಮಕ್ಕಳನ್ನು ಹುಡುಕುವುದೇ.

ತಾವಾಗಿಯೇ ಬಂದವರನ್ನು ಬರದೇ ಉಳಿದವರಿಗೆ ಹೋಲಿಸಿದರೆ ಲೆಕ್ಕ ಕೆಡುತ್ತದೆ. ಮಗುವನ್ನು ಬೆಳಗ್ಗೆ ಎಬ್ಬಿಸಿ, ತಲೆ ಬಾಚಿ ಶಿಬಿರಕ್ಕೆ ಕಳಿಸುವ ತಾಯಿ ಶಿಬಿರ ಇಲ್ಲದಿದ್ದರೂ ಆ ಮಗುವಿಗೆ ಏನಾದರೂ ದಾರಿ ಮಾಡುತ್ತಿದ್ದಳು. ಅವಳ ಶ್ರಮದ ಫಲ ನಮ್ಮ ಶಿಬಿರದ ಫಲದಂತೆ ಕಾಣುತ್ತದೆ.

ಚೀಟಿ ಎತ್ತುವುದು ಎಲ್ಲಕ್ಕಿಂತ ಒಳ್ಳೆಯ ದಾರಿ. ಒಂದು ಕಲ್ಪಿತ ಉದಾಹರಣೆ ನೋಡೋಣ. 60 ಮಕ್ಕಳು ಹೆಸರು ಕೊಟ್ಟಿದ್ದಾರೆ, ಜಾಗ ಇರುವುದು 30 ಮಂದಿಗೆ. ಊರಿನವರ ಎದುರಿಗೇ ಚೀಟಿ ಎತ್ತಿ 30 ಮಕ್ಕಳನ್ನು ಆರಿಸುತ್ತೀರಿ. ಮೊದಲ ಅಳತೆಯಲ್ಲಿ ಎರಡೂ ಗುಂಪಿನಲ್ಲಿ ತಲಾ 6 ಮಕ್ಕಳು ಒಂದು ಪ್ಯಾರಾ ಓದುತ್ತಾರೆ. ಜೂನ್‌ನಲ್ಲಿ ಅಳೆದಾಗ ಆಯ್ಕೆಯಾದ 30ರಲ್ಲಿ 15 ಮಕ್ಕಳು, ಆಯ್ಕೆಯಾಗದ 30ರಲ್ಲಿ 9 ಮಕ್ಕಳು ಓದುತ್ತಾರೆ. ‘ಒಂಬತ್ತು ಮಕ್ಕಳು ಹೊಸದಾಗಿ ಓದಲು ಕಲಿತರು’ ಎಂದು ಬರೆಯಲು ಕೈ ತವಕಿಸುತ್ತದೆ. ಆದರೆ ಶಿಬಿರವಿಲ್ಲದೆಯೂ ಮೂವರು ಕಲಿತಿದ್ದಾರೆ. ಶಿಬಿರದ ಪಾಲು ಆರು ಮಕ್ಕಳು ಮಾತ್ರ. ನೂರಕ್ಕೆ 20ರಷ್ಟು ಹೆಚ್ಚಳ. ಇದು ಸಣ್ಣ ಸಂಖ್ಯೆಯೇನಲ್ಲ.

ಜಾಗಕ್ಕೆ ಕೊರತೆಯಿಲ್ಲದಿದ್ದರೆ ಚೀಟಿಯನ್ನು ಊರುಗಳ ಮಟ್ಟದಲ್ಲಿ ಎತ್ತಬಹುದು. ಹತ್ತು ಹಳ್ಳಿಗಳಲ್ಲಿ ಐದಕ್ಕೆ ಈ ಬೇಸಿಗೆ, ಉಳಿದ ಐದಕ್ಕೆ ದಸರಾ ರಜೆಯಲ್ಲಿ ಅಥವಾ ಮುಂದಿನ ಬೇಸಿಗೆಯಲ್ಲಿ. ಅದೂ ಆಗದಿದ್ದರೆ ಇಂಥದೇ ಪಕ್ಕದ ಊರಿನ ಮಕ್ಕಳನ್ನು ಮೊದಲೂ ಆಮೇಲೂ ಅಳೆಯಿರಿ. ಚೀಟಿಯಷ್ಟು ಗಟ್ಟಿಯಲ್ಲ, ಆದರೆ ಹೋಲಿಕೆಯೇ ಇಲ್ಲದಿರುವುದಕ್ಕಿಂತ ಎಷ್ಟೋ ವಾಸಿ.

ಚೀಟಿ ಎತ್ತಿ ಬಡ ಮಕ್ಕಳನ್ನು ಹೊರಗಿಡುವುದು ಅನ್ಯಾಯವಲ್ಲವೇ?

ಜಾಗವಿದ್ದೂ ಅಳತೆಗಾಗಿ ಮಗುವನ್ನು ವಾಪಸು ಕಳಿಸುವುದು ಅನ್ಯಾಯ. ಅದನ್ನು ಮಾಡಬಾರದು. ಜಾಗವೇ ಕಡಿಮೆ ಇರುವಾಗ ಯಾರೋ ಕೆಲವರು ಹೊರಗುಳಿಯಲೇಬೇಕು. ಆಗ ಪರಿಚಯಸ್ಥರ ಮಕ್ಕಳಿಗೂ ಮೊದಲು ಓಡಿ ಬಂದವರಿಗೂ ಜಾಗ ಹೋಗುವುದಕ್ಕಿಂತ ಚೀಟಿ ನ್ಯಾಯವಾದದ್ದು. ದೂರದ ತಾಂಡಾದ ಮಗುವಿಗೂ ಊರ ಮುಖ್ಯಸ್ಥರ ಮೊಮ್ಮಗುವಿಗೂ ಅಲ್ಲಿ ಸಮಾನ ಅವಕಾಶ. ಹೊರಗುಳಿದವರಿಗೆ ಮುಂದಿನ ಸರದಿಯಲ್ಲಿ ಮೊದಲ ಜಾಗ ಎಂದು ಮಾತು ಕೊಡಿ, ಬರೆದಿಡಿ, ಉಳಿಸಿಕೊಳ್ಳಿ.

ನಾಲ್ಕು ದಿನ ಬಂದು ಬಿಟ್ಟುಹೋದ ಮಕ್ಕಳನ್ನು ಲೆಕ್ಕದಿಂದ ತೆಗೆಯಬಹುದೇ?

ಬೇಡ. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯ ನಿಮಗಿದ್ದರೆ ಇದನ್ನು ಓದಿ.

ಒಂದು ವರ್ಷ ನಮ್ಮ ಶಿಬಿರದ ವರದಿಯಲ್ಲಿ ‘ಶೇಕಡ 80ರಷ್ಟು ಮಕ್ಕಳು ಒಂದು ಹಂತ ಮೇಲೇರಿದ್ದಾರೆ’ ಎಂದು ಬರೆದೆವು. ಕೊನೆಯ ದಿನ ಹಾಜರಿದ್ದ 25 ಮಕ್ಕಳಲ್ಲಿ 20 ಮಕ್ಕಳ ಲೆಕ್ಕ ಅದು. ಆದರೆ ಮೊದಲ ದಿನ ಹೆಸರು ಬರೆಸಿದ್ದವರು 41. ಉಳಿದ 16 ಮಕ್ಕಳು ಎಲ್ಲಿ ಹೋದರು ಎಂದು ಯಾರೂ ಕೇಳಲಿಲ್ಲ, ನಾವೂ ಕೇಳಿಕೊಳ್ಳಲಿಲ್ಲ. ಮುಂದಿನ ವರ್ಷ ಬಿಟ್ಟುಹೋದವರ ಮನೆಗಳಿಗೆ ನಾನೇ ನಡೆದುಹೋದೆ. ಒಂದು ಮನೆಯ ಜಗಲಿಯಲ್ಲಿ, ನಾಲ್ಕನೇ ತರಗತಿಯ ಹುಡುಗಿ ಸೊಂಟದ ಮೇಲೆ ತಮ್ಮನನ್ನು ಕೂರಿಸಿಕೊಂಡು ರಾಗಿ ಹಸನು ಮಾಡುತ್ತಿದ್ದಳು. ಶಿಬಿರದ ಚೀಲ ಮೊಳೆಗೆ ನೇತಾಡುತ್ತಿತ್ತು. ‘ಇವನನ್ನೂ ಕರೆದುಕೊಂಡು ಬರಬಹುದಾ?’ ಎಂದಳು. ಮೊದಲ ದಿನವೇ ಯಾರಾದರೂ ‘ಬಾ’ ಎಂದಿದ್ದರೆ ಅವಳು ಬಿಡುತ್ತಿರಲಿಲ್ಲ. ಶಿಬಿರ ಯಾರಿಗೆ ಬೇಕಾಗಿತ್ತೋ ಅವಳಂಥವರನ್ನೇ ನಮ್ಮ ಶೇಕಡ 80 ಅಳಿಸಿಹಾಕಿತ್ತು.

ದೊಡ್ಡ ಅಧ್ಯಯನಗಳೂ ಇದನ್ನೇ ಹೇಳುತ್ತವೆ. ಅಮೆರಿಕದ ಬಾಸ್ಟನ್, ಡಲ್ಲಾಸ್, ಡುವಲ್ ಕೌಂಟಿ, ಪಿಟ್ಸ್‌ಬರ್ಗ್ ಮತ್ತು ರಾಚೆಸ್ಟರ್ ಎಂಬ ಐದು ಕಡೆ, ವ್ಯಾಲೇಸ್ ಫೌಂಡೇಷನ್ ನೆರವಿನಲ್ಲಿ ರ್‍ಯಾಂಡ್ ಎಂಬ ಸಂಶೋಧನಾ ಸಂಸ್ಥೆ 2013 ಮತ್ತು 2014ರ ಬೇಸಿಗೆಗಳಲ್ಲಿ ಅಧ್ಯಯನ ನಡೆಸಿತು. ಅರ್ಜಿ ಹಾಕಿದ್ದ, ಮೂರನೇ ತರಗತಿ ಮುಗಿಸಿದ್ದ 5,600ಕ್ಕೂ ಹೆಚ್ಚು ಮಕ್ಕಳನ್ನು ಚೀಟಿಯಂಥ ವಿಧಾನದಲ್ಲೇ ಎರಡು ಗುಂಪು ಮಾಡಲಾಗಿತ್ತು. ಊಟ ಉಚಿತ, ಬಸ್ ಉಚಿತ. ಆದರೂ ಮೊದಲ ಬೇಸಿಗೆ ಆಯ್ಕೆಯಾದವರಲ್ಲಿ ಸುಮಾರು ಐದರಲ್ಲಿ ಒಂದು ಮಗು ಒಂದು ದಿನವೂ ಬರಲಿಲ್ಲ. ಎರಡನೇ ಬೇಸಿಗೆ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ಬರಲಿಲ್ಲ. ಮೊದಲ ಬೇಸಿಗೆಯ ನಂತರ ಗಣಿತದಲ್ಲಿ ಸ್ಪಷ್ಟ ಲಾಭ ಕಂಡಿತು, ಓದಿನಲ್ಲಿ ಕಾಣಲಿಲ್ಲ. 20 ದಿನ ಅಥವಾ ಅದಕ್ಕಿಂತ ಹೆಚ್ಚು ಬಂದ ಮಕ್ಕಳಲ್ಲಿ ಲಾಭ ಇನ್ನೂ ಹೆಚ್ಚಿತ್ತು. ಆದರೆ 20 ದಿನ ತಪ್ಪದೆ ಬರುವ ಮಕ್ಕಳ ಮನೆಯೇ ಬೇರೆ ಥರ ಇರಬಹುದಾದ್ದರಿಂದ ಈ ಎರಡನೇ ಮಾತನ್ನು ಚೀಟಿಯ ಫಲಿತಾಂಶದಷ್ಟು ಬಲವಾಗಿ ನಂಬಬಾರದು.

ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ಮಕ್ಕಳ ಕಲಿಕೆಗಾಗಿ ದುಡಿಯುವ ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆಯ ಸ್ವಯಂಸೇವಕರು ನಡೆಸಿದ ಓದಿನ ತರಗತಿಗಳ ಅಧ್ಯಯನವನ್ನೂ ನೋಡಿ. ಅದು ಬೇಸಿಗೆಗಷ್ಟೇ ಸೀಮಿತವಾಗಿರಲಿಲ್ಲ, ಪಾಠ ಮಾತ್ರ ನಮಗೂ ಅನ್ವಯಿಸುತ್ತದೆ. ಬಂದ ಮಕ್ಕಳು ಬಹಳ ಕಲಿತರು. ಅಕ್ಷರವೇ ಗೊತ್ತಿಲ್ಲದವರು ಅಕ್ಷರ ಗುರುತಿಸತೊಡಗಿದರು. ಆದರೆ ಊರಿನ ಮಕ್ಕಳಲ್ಲಿ ಬಂದವರು ನೂರಕ್ಕೆ ಎಂಟರಷ್ಟು ಮಾತ್ರ. ‘ಬಂದವರಿಗೆ ಎಷ್ಟು ಫಲ’ ಮತ್ತು ‘ಊರಿಗೆ ಎಷ್ಟು ಫಲ’ ಎಂಬುವು ಬೇರೆ ಬೇರೆ ಪ್ರಶ್ನೆಗಳು. ವರದಿಯಲ್ಲಿ ಎರಡಕ್ಕೂ ಉತ್ತರ ಇರಲಿ.

ಲೆಕ್ಕ ಮಾಡುವ ಬಗೆ ಸರಳ. ಮೇಲಿನ ಉದಾಹರಣೆಯಲ್ಲಿ ಆಯ್ಕೆಯಾದ 30ರಲ್ಲಿ 24 ಮಕ್ಕಳು ಮಾತ್ರ ಬಂದಿದ್ದರೂ ಹೋಲಿಕೆ ಮಾತ್ರ 30ಕ್ಕೆ 30. ಹೆಚ್ಚುವರಿ ಆರು ಮಕ್ಕಳನ್ನು 30ರಿಂದ ಭಾಗಿಸಿದರೆ ಶಿಬಿರಕ್ಕೆ ಕರೆದದ್ದರ ಫಲ ನೂರಕ್ಕೆ 20. ಅದೇ ಆರನ್ನು 24ರಿಂದ ಭಾಗಿಸಿದರೆ ನಿಜಕ್ಕೂ ಬಂದವರಿಗೆ ಆದ ಫಲ ನೂರಕ್ಕೆ 25.

ಯಾವ ಪರೀಕ್ಷೆ ಕೊಡಬೇಕು? ಪ್ರಶ್ನೆಪತ್ರಿಕೆ ನಾವೇ ತಯಾರಿಸಬಹುದೇ?

ಲಿಖಿತ ಪ್ರಶ್ನೆಪತ್ರಿಕೆ ಬೇಡ. ಓದಲು ಬಾರದ ಮಗುವಿಗೆ ಪ್ರಶ್ನೆಯೇ ಓದಲಾಗುವುದಿಲ್ಲ. ಅದು ಖಾಲಿ ಹಾಳೆ ಕೊಟ್ಟರೆ ನಮಗೂ ಏನೂ ತಿಳಿಯುವುದಿಲ್ಲ. ಮಗುವಿನ ಪಕ್ಕದಲ್ಲಿ ಕೂತು ಒಬ್ಬೊಬ್ಬರನ್ನೇ ಓದಿಸಿ.

ಪ್ರಥಮ್ ಸಂಸ್ಥೆ ಆರಂಭಿಸಿದ, 2005ರಿಂದ ನಡೆಯುತ್ತಿರುವ ‘ಅಸರ್’ ಎಂಬ ಮಕ್ಕಳ ಕಲಿಕೆಯ ಸಮೀಕ್ಷೆಯ ಸಾಧನ ಇದಕ್ಕೆ ಚೆನ್ನಾಗಿ ಒದಗುತ್ತದೆ. ಕರ್ನಾಟಕದಲ್ಲಿ ಅದು ಕನ್ನಡದಲ್ಲೇ ಇದೆ. ಅದರಲ್ಲಿ ಅಕ್ಷರ, ಪದ, ಒಂದನೇ ತರಗತಿ ಮಟ್ಟದ ನಾಲ್ಕು ವಾಕ್ಯದ ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ ಎಂಬ ಹಂತಗಳಿವೆ. ಮೊದಲು ಪ್ಯಾರಾ ಕೊಡುತ್ತಾರೆ. ಸರಾಗವಾಗಿ ಓದಿದರೆ ಕಥೆಗೆ ಹೋಗುತ್ತಾರೆ, ತಡವರಿಸಿದರೆ ಪದಕ್ಕೆ ಇಳಿಯುತ್ತಾರೆ. ಐದು ಪದಗಳಲ್ಲಿ ನಾಲ್ಕನ್ನಾದರೂ ಸರಿಯಾಗಿ ಓದಿದರೆ ಪದದ ಹಂತ, ಇಲ್ಲದಿದ್ದರೆ ಅಕ್ಷರ. ಗಣಿತದಲ್ಲಿ ಒಂದಂಕಿ ಸಂಖ್ಯೆ, ಎರಡಂಕಿ ಸಂಖ್ಯೆ, ದಶಕ ಸಹಿತ ಕಳೆಯುವ ಲೆಕ್ಕ, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವ ಲೆಕ್ಕ. ಒಂದು ಮಗುವಿಗೆ ಕೆಲವೇ ನಿಮಿಷ ಸಾಕು.

ಕನ್ನಡಕ್ಕೆ ಸಂಬಂಧಿಸಿದಂತೆ ನನ್ನ ಅನುಭವದ ಎರಡು ಮಾತು ಸೇರಿಸುತ್ತೇನೆ. ನಮ್ಮ ಸರ್ಕಾರಿ ಶಾಲೆಗಳ ಮೊದಲ ತರಗತಿಗಳ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳು ಮೊದಲು ಕಲಿಯುವುದು ರ, ಗ, ಸ, ದ, ಅ. ಹಾಗಾಗಿ ‘ಗರಗಸ’, ‘ಅರಸ’ ಎಂಬ ಪದಗಳು ಅವರ ಕಣ್ಣಿಗೆ ಅಚ್ಚೊತ್ತಿರುತ್ತವೆ. ಒಬ್ಬ ಹುಡುಗ ‘ಗರಗಸ’ವನ್ನು ಥಟ್ಟನೆ ಹೇಳಿದ. ಅದೇ ಅಕ್ಷರಗಳನ್ನು ಜರುಗಿಸಿ ‘ಸಗರ’ ಎಂದು ಬರೆದು ತೋರಿಸಿದಾಗಲೂ ‘ಗರಗಸ’ ಎಂದೇ ಹೇಳಿದ. ಅವನು ಓದುತ್ತಿರಲಿಲ್ಲ, ಚಿತ್ರದಂತೆ ಗುರುತಿಸುತ್ತಿದ್ದ. ಪಠ್ಯಪುಸ್ತಕದ ಪದಗಳನ್ನೇ ಕೊಟ್ಟರೆ ಈ ವ್ಯತ್ಯಾಸ ನಮಗೆ ಕಾಣುವುದೇ ಇಲ್ಲ. ಎರಡನೆಯದು, ‘ಪದ’ ಎಂಬ ಒಂದೇ ಹಂತದೊಳಗೆ ಕನ್ನಡದಲ್ಲಿ ಮೂರು ಮೆಟ್ಟಿಲುಗಳಿವೆ. ‘ಮರ’ ಓದುವುದು ಒಂದು, ‘ಕುದುರೆ’ ಓದುವುದು ಇನ್ನೊಂದು, ‘ಬೆಕ್ಕು’ ಓದುವುದು ಮತ್ತೊಂದು. ಮಗು ಕಾಗುಣಿತ ದಾಟಿ ಒತ್ತಕ್ಷರದ ಹೊಸ್ತಿಲಿಗೆ ಬಂದಿರುತ್ತದೆ, ನಮ್ಮ ಕಾಗದದಲ್ಲಿ ಮಾತ್ರ ಅದೇ ಹಂತ. ನಾಲ್ಕೈದು ವಾರದ ಶಿಬಿರದಲ್ಲಿ ಆಗುವ ಪ್ರಗತಿ ಬಹುಪಾಲು ಇಷ್ಟೇ ಸೂಕ್ಷ್ಮ. ಆದ್ದರಿಂದ ಸರಳ ಪದ, ಗುಣಿತಾಕ್ಷರದ ಪದ, ಒತ್ತಕ್ಷರದ ಪದ ಎಂದು ಮೂರು ಸಾಲು ಬೇರೆ ಮಾಡಿ ಗುರುತು ಹಾಕಿಕೊಳ್ಳಿ.

ಮೊದಲ ಸಲಕ್ಕೂ ಕೊನೆಯ ಸಲಕ್ಕೂ ಒಂದೇ ಮಟ್ಟದ ಎರಡು ಬೇರೆ ಪ್ಯಾರಾ ಇರಲಿ. ಅರ್ಧದಷ್ಟು ಮಕ್ಕಳಿಗೆ ‘ಅ’ ಪ್ಯಾರಾ ಮೊದಲು, ಉಳಿದರ್ಧಕ್ಕೆ ‘ಆ’ ಪ್ಯಾರಾ ಮೊದಲು. ಒಂದು ಸ್ವಲ್ಪ ಸುಲಭವಾಗಿಬಿಟ್ಟಿದ್ದರೂ ಆ ದೋಷ ಎರಡೂ ಕಡೆ ಹಂಚಿಹೋಗುತ್ತದೆ.

ಪರೀಕ್ಷೆ ಯಾರು ಮಾಡಬೇಕು?

ಕಲಿಸಿದವರು ಮಾಡಬಾರದು. ಅವರು ಸುಳ್ಳು ಹೇಳುತ್ತಾರೆಂದಲ್ಲ. ಒಂದು ತಿಂಗಳು ಜೊತೆಗಿದ್ದ ಮಗು ‘ಬೆ...’ ಎಂದು ನಿಂತಾಗ ನಮ್ಮ ತುಟಿ ತಾನಾಗಿ ‘ಬೆಕ್ಕು’ ಎಂದು ಅಲುಗುತ್ತದೆ. ಪಕ್ಕದ ಊರಿನ ಸ್ವಯಂಸೇವಕರನ್ನು ಇಲ್ಲಿಗೆ ಕರೆಸಿ, ಇಲ್ಲಿಯವರನ್ನು ಅಲ್ಲಿಗೆ ಕಳಿಸಿ. ಯಾವ ಮಗು ಶಿಬಿರಕ್ಕೆ ಬಂದದ್ದು, ಯಾವುದು ಬರದಿದ್ದದ್ದು ಎಂದು ಪರೀಕ್ಷಿಸುವವರಿಗೆ ತಿಳಿಯದಿದ್ದರೆ ಇನ್ನೂ ಒಳ್ಳೆಯದು.

ಯಾವಾಗ ಅಳೆಯಬೇಕು? ಒಂದು ಸಲ ಸಾಲದೇ?

ಕನಿಷ್ಠ ಮೂರು ಸಲ. ರಜೆಗೆ ಮುಂಚೆ ಒಮ್ಮೆ, ಶಾಲೆ ತೆರೆದ ಮೊದಲ ವಾರ ಒಮ್ಮೆ, ದಸರಾ ಹೊತ್ತಿಗೆ ಇನ್ನೊಮ್ಮೆ. ಮೂರನೆಯದನ್ನು ಬಹುತೇಕ ಎಲ್ಲರೂ ಬಿಡುತ್ತಾರೆ. ಆದರೆ ಮೇ ತಿಂಗಳಲ್ಲಿ ಕಲಿತದ್ದು ಅಕ್ಟೋಬರಿನಲ್ಲೂ ಉಳಿದಿದೆಯೇ, ಶಿಬಿರಕ್ಕೆ ಬಾರದವರು ಅಷ್ಟರಲ್ಲಿ ಸರಿಸಮಕ್ಕೆ ಬಂದರೇ ಎಂಬುದಕ್ಕೆ ಉತ್ತರ ಇರುವುದು ಅದರಲ್ಲೇ.

ನಮ್ಮ ಶಾಲೆಗಳಲ್ಲಿ ವರ್ಷದ ಆರಂಭಕ್ಕೆ, ಹಿಂದಿನ ತರಗತಿಯ ಕಲಿಕೆಯನ್ನು ಮತ್ತೆ ನೆನಪಿಸಿ ಗಟ್ಟಿಮಾಡುವ ಸೇತುಬಂಧ ನಡೆಯುತ್ತದೆ. ಅದಕ್ಕೊಂದು ಪೂರ್ವ ಪರೀಕ್ಷೆ, ಮುಗಿದ ಮೇಲೆ ಸಾಫಲ್ಯ ಪರೀಕ್ಷೆ. ನಿಮ್ಮ ಎರಡನೇ ಅಳತೆ ಸೇತುಬಂಧ ಶುರುವಾಗುವುದಕ್ಕೆ ಮೊದಲೇ ಮುಗಿಯಲಿ. ಎರಡು ವಾರ ತಡವಾದರೆ ಶಿಬಿರದ ಫಲಕ್ಕೆ ಶಿಕ್ಷಕರ ಶ್ರಮ ಬೆರೆತುಹೋಗುತ್ತದೆ. ಮುಖ್ಯ ಶಿಕ್ಷಕರು ಒಪ್ಪಿದರೆ ಪೂರ್ವ ಪರೀಕ್ಷೆಯ ದಾಖಲೆಗಳನ್ನೂ ಜೊತೆಗೆ ನೋಡಬಹುದು. ಶಿಬಿರಕ್ಕೆ ಬಾರದ ಮಕ್ಕಳೂ ಅದರಲ್ಲಿ ಇರುತ್ತಾರೆ.

ಎಷ್ಟು ಮಕ್ಕಳಿದ್ದರೆ ಫಲಿತಾಂಶ ನಂಬಬಹುದು?

ಒಂದೇ ಊರಿನ ಮೂವತ್ತು ಮಕ್ಕಳಿಂದ ಗಟ್ಟಿಯಾದ ತೀರ್ಮಾನ ಸಿಗುವುದಿಲ್ಲ. ಹಿಂದಿನ ಉದಾಹರಣೆಯ 15 ಮತ್ತು 9ರ ಅಂತರ ಬರೀ ಚೀಟಿಯ ಅದೃಷ್ಟದಿಂದಲೂ ಬರಬಹುದು. ಗುಂಪಿಗೆ 300 ಮಕ್ಕಳಿದ್ದು 150 ಮತ್ತು 90 ಎಂದಾದರೆ ಹಾಗೆ ಹೇಳುವುದು ಕಷ್ಟ. ಆದ್ದರಿಂದ ಒಂದೇ ತಾಲ್ಲೂಕಿನಲ್ಲಿ ಶಿಬಿರ ನಡೆಸುವ ನಾಲ್ಕೈದು ಗುಂಪುಗಳು ಒಂದೇ ಸಾಧನ, ಒಂದೇ ದಿನಾಂಕ ಇಟ್ಟುಕೊಂಡು ಲೆಕ್ಕ ಕೂಡಿಸಿಕೊಳ್ಳಲಿ ಎನ್ನುತ್ತೇನೆ. ಊರುಗಳ ಸಂಖ್ಯೆ ಹೆಚ್ಚಾದಷ್ಟೂ ಒಳ್ಳೆಯದು. ಒಂದೇ ಊರಿನ ನೂರು ಮಕ್ಕಳಿಗೆ ಒಬ್ಬರೇ ಒಳ್ಳೆಯ ಶಿಕ್ಷಕಿ ಸಿಕ್ಕಿದ್ದರೆ ಆ ನೂರೂ ಹೆಚ್ಚುಕಡಿಮೆ ಒಂದೇ ಸಾಕ್ಷಿ.

ಮಗು ಬಡ ಕುಟುಂಬದ್ದೆಂದು ಗುರುತಿಸುವುದು ಹೇಗೆ?

ಆದಾಯ ಎಷ್ಟು ಎಂದು ಮಗುವನ್ನು ಕೇಳಬೇಡಿ, ತರಗತಿಯ ಎದುರು ಯಾವ ಪ್ರಶ್ನೆಯನ್ನೂ ಕೇಳಬೇಡಿ. ಮನೆಗೆ ಹೋದಾಗ ಪಡಿತರ ಚೀಟಿಯ ಬಣ್ಣಕ್ಕಿಂತ ಹೆಚ್ಚು ತಿಳಿಸುವ ಸಂಗತಿಗಳು ಇವೆ. ತಾಯಿ ಎಷ್ಟನೇ ತರಗತಿಯವರೆಗೆ ಓದಿದ್ದಾರೆ, ಹಗಲು ಮನೆಯಲ್ಲಿ ದೊಡ್ಡವರು ಯಾರಾದರೂ ಇರುತ್ತಾರೆಯೇ, ಕಳೆದ ವರ್ಷ ಗುಳೆ ಹೋಗಿದ್ದರೇ, ಪಠ್ಯಪುಸ್ತಕವಲ್ಲದೆ ಬೇರೊಂದು ಪುಸ್ತಕ ಮನೆಯಲ್ಲಿದೆಯೇ. ಈ ನಾಲ್ಕು ಸಾಕು.

ಓದು, ಲೆಕ್ಕ ಬಿಟ್ಟರೆ ಬೇರೇನೂ ಮುಖ್ಯವಲ್ಲವೇ? ಹಾಡು, ನಾಟಕ, ಆಟ?

ಖಂಡಿತ ಮುಖ್ಯ. ಮೈಸೂರಿನ ರಂಗಾಯಣದ ಚಿಣ್ಣರ ಮೇಳದಂಥ ಶಿಬಿರಗಳಿಂದ ಮಗುವಿಗೆ ಸಿಗುವ ಧೈರ್ಯವನ್ನು ಅಕ್ಷರದ ಕೋಲಿನಿಂದ ಅಳೆಯುವುದು ಆ ಕೆಲಸಕ್ಕೆ ಮಾಡುವ ಅವಮಾನ. ಆದರೆ ‘ಆತ್ಮವಿಶ್ವಾಸ ಶೇಕಡ 60ರಷ್ಟು ಹೆಚ್ಚಿದೆ’ ಎಂಬಂಥ ಸಾಲುಗಳನ್ನೂ ಬರೆಯಬಾರದು. ಎಣಿಸಲು ಬರುವುದನ್ನು ಎಣಿಸಿ. ಶಾಲೆ ತೆರೆದ ಮೊದಲ ದಿನ ಎಷ್ಟು ಮಕ್ಕಳು ಹಾಜರಾದರು, ಜೂನ್ ಕೊನೆಗೂ ಎಷ್ಟು ಮಂದಿ ಬರುತ್ತಿದ್ದಾರೆ ಎಂಬುದು ಶಾಲೆಯ ಹಾಜರಿ ಪುಸ್ತಕದಲ್ಲೇ ಇರುತ್ತದೆ. ಎಣಿಕೆಗೆ ಸಿಗದ್ದನ್ನು ನೋಡಿದ ಹಾಗೆ ಬರೆಯಿರಿ.

ಊಟದ ಲೆಕ್ಕವನ್ನು ಮರೆಯಬೇಡಿ. ಬಿಸಿಯೂಟ ನಿಂತುಹೋಗುವುದು ಬೇಸಿಗೆಯಲ್ಲೇ. 2024ರ ಬರಗಾಲದಲ್ಲಿ ರಾಜ್ಯ ಸರ್ಕಾರ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ರಜೆಯಲ್ಲೂ ಬಿಸಿಯೂಟ ನಡೆಸಿತು. ನಿಮ್ಮ ಶಿಬಿರದಲ್ಲಿ ಮಧ್ಯಾಹ್ನದ ಊಟ ಕೊಡುವ ದಿನ ಎಷ್ಟು ಹಾಜರಿ, ಕೊಡದ ದಿನ ಎಷ್ಟು ಎಂದು ಬರೆದಿಟ್ಟುಕೊಂಡು ನೋಡಿ.

ಶಿಬಿರದ ಬದಲು ಪುಸ್ತಕ ಕೊಟ್ಟು ಕಳಿಸಿದರೆ?

ಓದಲು ಬರುವ ಮಕ್ಕಳಿಗೆ ಒಳ್ಳೆಯ ದಾರಿ. ಅಮೆರಿಕದ ಫ್ಲೋರಿಡಾದಲ್ಲಿ ಬಡ ಮಕ್ಕಳಿಗೆ ಮೂರು ಬೇಸಿಗೆ ತಲಾ 12 ಪುಸ್ತಕಗಳನ್ನು, ಅವರೇ ಆರಿಸಿಕೊಂಡದ್ದನ್ನೇ, ಕೊಟ್ಟು ನೋಡಿದ ಅಧ್ಯಯನದಲ್ಲಿ ಓದಿನಲ್ಲಿ ಸುಧಾರಣೆ ಕಂಡಿತು. ನಮ್ಮಲ್ಲಿ 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಅಕ್ಷರವೇ ಕೂಡದ ಮಗುವಿಗೆ ಮಾತ್ರ ಪುಸ್ತಕಕ್ಕಿಂತ ಮೊದಲು ಪಕ್ಕದಲ್ಲಿ ಕೂರುವ ಒಬ್ಬರು ಬೇಕು.

ಅಳೆದು ನೋಡಿದಾಗ ಏನೂ ಪರಿಣಾಮ ಕಾಣದಿದ್ದರೆ?

ಮೊದಲು ಹಾಜರಿ ಪುಸ್ತಕ ತೆಗೆಯಿರಿ. ಮಕ್ಕಳು ಸರಾಸರಿ ಏಳೆಂಟು ದಿನ ಬಂದಿದ್ದರೆ ವಿಫಲವಾದದ್ದು ಕಲಿಸುವ ವಿಧಾನವಲ್ಲ, ಕರೆತರುವ ವ್ಯವಸ್ಥೆ. ಹಾಜರಿ ಚೆನ್ನಾಗಿದ್ದರೆ, ದಿನಕ್ಕೆ ನಿಜವಾಗಿ ಎಷ್ಟು ಹೊತ್ತು ಓದಿಸಿದಿರಿ ಎಂದು ನೋಡಿ. ನಂತರ, ಮಕ್ಕಳನ್ನು ತರಗತಿಯ ಪ್ರಕಾರ ಕೂರಿಸಿದಿರೋ, ಅವರಿಗೆ ಬರುವ ಹಂತದ ಪ್ರಕಾರವೋ ಎಂದು ನೋಡಿ.

ಬಿಹಾರದಲ್ಲಿ ನಡೆದದ್ದು ಇಲ್ಲಿ ನೆನಪಿಡಬೇಕು. 2008ರ ಜೂನ್‌ನಲ್ಲಿ ಅಲ್ಲಿನ ಸರ್ಕಾರಿ ಶಾಲಾ ಶಿಕ್ಷಕರೇ ಹಿಂದುಳಿದ ಮಕ್ಕಳಿಗೆ ಒಂದು ತಿಂಗಳ ಬೇಸಿಗೆ ಶಿಬಿರ ನಡೆಸಿದರು. ಪ್ರಥಮ್ ತರಬೇತಿಯನ್ನೂ ಸಾಮಗ್ರಿಯನ್ನೂ ಒದಗಿಸಿತು, ಸರ್ಕಾರ ಶಿಕ್ಷಕರಿಗೆ ಹೆಚ್ಚುವರಿ ಸಂಭಾವನೆ ಕೊಟ್ಟಿತು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಅಳೆದಾಗ ಓದಿನಲ್ಲೂ ಗಣಿತದಲ್ಲೂ ಸುಧಾರಣೆ ಕಂಡಿತು. ಶಿಬಿರ ನಡೆದ ಊರುಗಳಲ್ಲಿ ಬಂದ ಮಕ್ಕಳು ಕಾಲುಭಾಗಕ್ಕಿಂತ ಕಡಿಮೆ ಎಂಬುದನ್ನು ನೆನೆದರೆ ಆ ಸುಧಾರಣೆ ದೊಡ್ಡದು. ಅದೇ ತರಬೇತಿ, ಅದೇ ಸಾಮಗ್ರಿಯನ್ನು ಶಾಲಾ ವರ್ಷದಲ್ಲಿ ಶಿಕ್ಷಕರಿಗೆ ಕೊಟ್ಟಾಗ ಮಾತ್ರ ಅಂಥ ಫಲ ಬರಲಿಲ್ಲ. ಶಿಕ್ಷಕರು ಅವರೇ. ಬೇಸಿಗೆಯಲ್ಲಿ ಅವರ ತಲೆಯ ಮೇಲೆ ಪಠ್ಯ ಮುಗಿಸುವ ಹೊರೆ ಇರಲಿಲ್ಲ, ಮಗು ಎಲ್ಲಿದೆಯೋ ಅಲ್ಲಿಂದ ಕಲಿಸುವ ಬಿಡುವಿತ್ತು.

ಮುಂದೆ 2013-14ರಲ್ಲಿ ಉತ್ತರ ಪ್ರದೇಶದಲ್ಲಿ ಹತ್ತು ಅಥವಾ ಇಪ್ಪತ್ತು ದಿನಗಳ ಕಲಿಕಾ ಶಿಬಿರಗಳನ್ನು ವರ್ಷದಲ್ಲಿ ಹಲವು ಸಲ, ಬೇಸಿಗೆಯ ಹತ್ತು ದಿನ ಸೇರಿಸಿ ನಡೆಸಿದಾಗ, ಪ್ಯಾರಾ ಅಥವಾ ಕಥೆ ಓದಬಲ್ಲ ಮಕ್ಕಳು ಶಿಬಿರವಿಲ್ಲದ ಶಾಲೆಗಳಿಗಿಂತ ಹೆಚ್ಚುಕಡಿಮೆ ಎರಡರಷ್ಟಾದರು. ಜೌನ್‌ಪುರದಲ್ಲಿ ಹೆಚ್ಚಿನ ಮಕ್ಕಳು ಬರಲಿಲ್ಲವಲ್ಲ ಎಂಬುದನ್ನು ಬಚ್ಚಿಡದೆ ಬರೆದದ್ದರಿಂದಲೇ ಶಿಬಿರಗಳು ಶಾಲೆಯ ಅಂಗಳಕ್ಕೆ ಬಂದವು ಎಂದು ನಾನು ನಂಬುತ್ತೇನೆ. ನಿಮ್ಮ ಸೊನ್ನೆಯನ್ನೂ ಬರೆಯಿರಿ.

ಹಣ ಕೊಟ್ಟವರಿಗೆ ಏನು ತಿಳಿಸಬೇಕು?

ಒಂದು ಪುಟ ಸಾಕು. ಹೆಸರು ಬರೆಸಿದವರು ಎಷ್ಟು, ಅರ್ಧಕ್ಕಿಂತ ಹೆಚ್ಚು ದಿನ ಬಂದವರು ಎಷ್ಟು, ಹೋಲಿಕೆ ಗುಂಪಿಗಿಂತ ಎಷ್ಟು ಮಕ್ಕಳು ಹೆಚ್ಚಾಗಿ ಓದಿದರು, ಒಟ್ಟು ಖರ್ಚೆಷ್ಟು. ಸ್ವಯಂಸೇವಕರ ದಿನಗಳನ್ನೂ ಖರ್ಚಿನಲ್ಲಿ ತೋರಿಸಿ, ಅವರ ಶ್ರಮಕ್ಕೆ ಬೆಲೆಯಿದೆ. ಮಕ್ಕಳ ಫೋಟೋ, ಹೆಸರು, ಹಂತ ಇವು ಮೂರೂ ಒಟ್ಟಿಗೆ ಎಲ್ಲಿಯೂ ಹೋಗಬಾರದು, ಶಿಬಿರದ ವಾಟ್ಸ್ಆ್ಯಪ್ ಗುಂಪಿಗೂ ಸಹ.

ಫಲಿತಾಂಶವನ್ನು ತಂದೆತಾಯಿಗೆ ಹೇಳಬೇಕೇ?

ಅವರಿಗೇ ಮೊದಲು ಹೇಳಬೇಕು, ಅವರವರ ಮಗುವಿನದನ್ನು ಮಾತ್ರ, ಅವರವರ ಮನೆಯಲ್ಲಿ. ‘ಪದದ ಹಂತದಿಂದ ಪ್ಯಾರಾ ಹಂತಕ್ಕೆ’ ಎಂದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಪ್ಯಾರಾ ಇರುವ ಕಾಗದವನ್ನು ಮಗುವಿನ ಕೈಗೇ ಕೊಟ್ಟು ಓದಿಸಿ.

ತಮ್ಮನನ್ನು ಎತ್ತಿಕೊಂಡಿದ್ದ ಆ ಹುಡುಗಿ ಮರುವರ್ಷ ಅವನೊಂದಿಗೇ ಶಿಬಿರಕ್ಕೆ ಬಂದಳು. ಮೂಲೆಯಲ್ಲಿ ಒಂದು ಚಾಪೆ ಹಾಸಿ ಅವನಿಗೆ ಆಟಕ್ಕೆ ಜಾಗ ಮಾಡಿದೆವು. ಜೂನ್‌ನಲ್ಲಿ ಅವಳ ಮನೆಗೆ ಹೋದಾಗ ತಾಯಿ ಕೂಲಿಯಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದರು. ಹುಡುಗಿ ನಾಲ್ಕು ವಾಕ್ಯಗಳನ್ನು ಓದಿದಳು. ಮೂರನೆಯದರಲ್ಲಿ ಒಂದು ಒತ್ತಕ್ಷರ ತಪ್ಪಿತು, ತಾನೇ ನಿಂತು ತಿದ್ದಿಕೊಂಡಳು. ತಾಯಿ ಚೊಂಬು ಕೆಳಗಿಟ್ಟು, ‘ಇನ್ನೊಂದು ಸಲ ಓದು’ ಎಂದರು.